ಕೊನೆ ಕಟ್ಟದ ದಾರ

"ಹೆಬ್ಬೆಟ್ಟು ಎತ್ತು. ಆದ್ರೆ ಬಿಡಬ್ಯಾಡ," ಅಂದ ರಾಮಚಂದ್ರಪ್ಪಜ್ಜ.

ಐಶ್ವರ್ಯ ಎತ್ತಿದಳು, ಎತ್ತಿದವಳು ಬಿಟ್ಟೇಬಿಟ್ಟಳು. ಸೀಸದ ಗುಂಡು ನಾಲ್ಕು ಮಾರು ದೂರ ಹೋಗಿ ಕೆಸರಿಗೆ ಬಿತ್ತು. ಆದರೆ ಕೋಲಿಗೆ ಕಟ್ಟಿದ್ದ ರಾಟೆಗೆ ಆ ಸುದ್ದಿ ಮುಟ್ಟಲಿಲ್ಲ. ಅದು ತನ್ನ ಪಾಡಿಗೆ ತಾನು ಗಿರಗಿರ ತಿರುಗುತ್ತಲೇ ಇತ್ತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೈಲಾನಿನ ತಂಗೂಸಿ ದಾರ ಅದರ ಮೇಲೆ ಉಬ್ಬಿಕೊಂಡು, ವಾರಗಟ್ಟಲೆ ಬಾಚದ ತಲೆಯ ಹಾಗೆ ಸಿಕ್ಕಾಗಿ ಕೂತಿತು.

"ಮತ್ತೆ ಸಿಕ್ಕಾತು ಅಜ್ಜ."

"ಆಗ್ಲಿ. ನಿಮ್ಮಣ್ಣ ಮೊದಲ್ನೇ ದಿನ ಹದಿನೇಳು ಸಲ ಸಿಕ್ಕು ಮಾಡಿದ್ದ. ನಿಂದು ಇನ್ನೂ ಒಂಬತ್ತು. ಬಿಡಿಸು."

ಬಿಡಿಸಲು ಕೂತಳು. ಕಡರನಾಯಕನಹಳ್ಳಿಯ ಹಿಂದೆ ತುಂಗಭದ್ರೆ ಮೊಣಕೈಯಂತೆ ಮಡಚಿಕೊಳ್ಳುವ ಜಾಗ ಅದು. ಮಡಚಿಕೊಂಡಲ್ಲೇ ಒಂದು ಮಡು. ಮರಳು ತೆಗೆದವರು ತೆಗೆದೂ ತೆಗೆದು ಅದನ್ನು ಎಷ್ಟು ಆಳ ಮಾಡಿದ್ದಾರೋ ಯಾರಿಗೂ ಗೊತ್ತಿಲ್ಲ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟು ವಾರವಾಗಿತ್ತು. ಹೊಳೆ ಚಹಾದ ಬಣ್ಣಕ್ಕೆ ತಿರುಗಿ, ದಡ ಮುಟ್ಟಿ ಹರಿಯುತ್ತಿತ್ತು. ತೆಪ್ಪ ಇಳಿಸುವ ಮಾತೇ ಇರಲಿಲ್ಲ. ಆ ಮಡುವಿನೊಳಗೆ ಎಲ್ಲೋ ಅವಳ ಅಣ್ಣ ಕೊಟ್ರೇಶ ಇದ್ದ. ಸೋಮವಾರ ಬೆಳಗ್ಗೆಯಿಂದ ಇದ್ದ. ಇವತ್ತು ಬುಧವಾರ.

ಊರಿಗೆ ಗೊತ್ತಿದ್ದದ್ದೇ ಬೇರೆ. ದಾವಣಗೆರೆ ಕೆ.ಬಿ. ಬಡಾವಣೆಯ ಮಂಡಕ್ಕಿ ವ್ಯಾಪಾರಿ ಹಾಲೇಶಪ್ಪನವರ ಮಗ ಹರಿಹರದಲ್ಲಿ, ದೇವಸ್ಥಾನದ ಹಿಂದಿನ ಸ್ನಾನಘಟ್ಟದಲ್ಲಿ ಇಳಿದು ಕಾಲು ಜಾರಿದ ಅಂತ ಊರೆಲ್ಲ ಮಾತಾಡುತ್ತಿತ್ತು. ಅವನ ಬೈಕು ಅಲ್ಲೇ ನಿಂತಿತ್ತಲ್ಲ, ಮುಂದೆ ಅಂಗಡಿಯ ಹೆಸರಿನ ಸ್ಟಿಕ್ಕರ್ ಸಮೇತ! ಅಗ್ನಿಶಾಮಕ ದಳದವರು ಎರಡು ದಿನದಿಂದ ಅಲ್ಲಿಯೇ ದೋಣಿ ಹಾಕಿ ಹುಡುಕುತ್ತಿದ್ದರು. ಸೇತುವೆಯ ಕಂಬಗಳ ನಡುವೆ ಬಲೆ ಕಟ್ಟಿದ್ದರು. ಹಾಲೇಶಪ್ಪನವರು ಎರಡು ದಿನದಿಂದ ಘಟ್ಟದ ಮೆಟ್ಟಿಲು ಬಿಟ್ಟು ಎದ್ದಿರಲಿಲ್ಲ.

ಐಶ್ವರ್ಯಳಿಗೆ ಮೊದಲ ದಿನವೇ ಅನುಮಾನ. ಅಣ್ಣ ಸೋಮವಾರ ಬಂದರೆ ಸಾಕು "ಹರಿಹರಕ್ಕೆ, ದೇವರಿಗೆ" ಅಂತ ಹೊರಡುವುದು ದೇವರಿಗಲ್ಲ ಅನ್ನುವುದು ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಲಿಂಗ ಕಟ್ಟಿದ ಮನೆ. ಮೊಟ್ಟೆ ಅಂತ ಬಾಯಲ್ಲಿ ಬಂದರೂ ಅವ್ವ ಅನ್ನಪೂರ್ಣಮ್ಮ ಬಾಯಿ ತೊಳೆಸಿ ಒಳಗೆ ಕರೆಯುವ ಮನೆ. ಆ ಮನೆಯ ಮಗನಿಗೆ ಮೀನಿನ ಹುಚ್ಚು ಹಿಡಿದಿತ್ತು. ತಿನ್ನುವ ಹುಚ್ಚಲ್ಲ. ಹಿಡಿದು, ಒಂದು ಗಳಿಗೆ ಕಣ್ತುಂಬ ನೋಡಿ, ಬಾಯಿಂದ ಗಾಳ ಬಿಡಿಸಿ, ಮತ್ತೆ ನೀರಿಗೆ ಬಿಡುವ ಹುಚ್ಚು. ಅದೂ ಈಗ ಆನ್‌ಲೈನಿನಲ್ಲಿ ಬರುವ, ಗುಂಡಿ ಒತ್ತಿದರೆ ಎಸೆಯುವ ರೀಲಿನಲ್ಲಲ್ಲ. ಹಳೇ ಕಾಲದ ರಾಟೆಯಲ್ಲಿ. ಬಿದಿರು ಕೋಲು, ಅದರ ಬುಡಕ್ಕೊಂದು ಹಿತ್ತಾಳೆ ರಾಟೆ, ರಾಟೆಯ ಮೇಲೆ ತನ್ನ ಹೆಬ್ಬೆರಳು. ಬ್ರೇಕೂ ಅದೇ, ಸ್ಟೇರಿಂಗೂ ಅದೇ.

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಂತು, ಗಾಳವಿಲ್ಲದೆ ಬರೀ ಸೀಸದ ಗುಂಡನ್ನು ದೂರದ ಬಕೆಟ್ಟಿಗೆ ಎಸೆಯುವುದು ಅವನ ಅಭ್ಯಾಸ. ಗುಂಡು ಬಕೆಟ್ಟಿಗೆ ಬಿದ್ದರೆ ಠಣ್ ಅನ್ನುತ್ತಿತ್ತು. ಕೆಳಗಿನಿಂದ ಅವ್ವ ಕೂಗುತ್ತಿದ್ದಳು: "ಏನೇ ಅದು ಸಪ್ಳ?"

"ಅಣ್ಣ ಎಕ್ಸರ್‌ಸೈಜ್ ಮಾಡಾಕತ್ತಾನಮ್ಮ!"

ಒಂದು ಸಲ ಇವಳೂ ಹಿಡಿದು ನೋಡಿದ್ದಳು. ಗುಂಡು ಹಿಂದಕ್ಕೆ ಹಾರಿ ಪಕ್ಕದ ಮನೆಯ ಸೋಲಾರಿನ ಗಾಜು ಒಡೆದಿತ್ತು. "ನಿಂಗೆ ಬರೋದು ಇಷ್ಟೇ ನೋಡು, ಮಂದಿ ಗಾಜು ಒಡೆಯಾದು," ಅಂತ ಕೊಟ್ರೇಶ ನೆಲಕ್ಕೆ ಕೂತು ನಕ್ಕಿದ್ದ.

ಇಷ್ಟೆಲ್ಲ ಗೊತ್ತಿದ್ದವಳು ಸೋಮವಾರ ಸಂಜೆ ಘಟ್ಟದಲ್ಲಿ ಅಪ್ಪನ ಕಿವಿಯ ಹತ್ತಿರ ಬಾಗಿ, "ಅಪ್ಪಾಜಿ, ಅಣ್ಣ ಸ್ನಾನಕ್ಕೆ ಹೋಗಿರಲಿಕ್ಕಿಲ್ಲ..." ಅಂತ ಶುರುಮಾಡಿದ್ದಳು. ಹಾಲೇಶಪ್ಪನವರು ತಿರುಗಿ ನೋಡಿದರು. "ಸ್ನಾನಕ್ಕೇ ಹೋಗಿದ್ದ," ಅಂದರು. ಇನ್ನೊಮ್ಮೆ, "ಸ್ನಾನಕ್ಕೇ. ತಿಳೀತಾ?" ಅಂದರು. ಅವಳಿಗೆ ತಿಳಿಯಿತು. ಎರಡು ದಿನ ಸುಮ್ಮನೇ ಇದ್ದಳು.

ಬುಧವಾರ ಬೆಳಗ್ಗೆ ಮಾತಾಡಿಸಲು ಬಂದ ಹೆಂಗಸರ ನಡುವೆ ಗುರುತಿಲ್ಲದ ಮುದುಕಿಯೊಬ್ಬಳು ಬಂದಳು. ಎಲ್ಲರೂ ಅವ್ವನ ಸುತ್ತ ಕೂತಿದ್ದಾಗ ಈ ಮುದುಕಿ ಐಶ್ವರ್ಯಳನ್ನು ಹಿತ್ತಲಿನ ನಲ್ಲಿಯ ಹತ್ತಿರ ಕರೆದು, ಸೆರಗಿನ ಗಂಟು ಬಿಚ್ಚಿ, ಬೆಳ್ಳಿಯ ಕರಡಿಗೆಯೊಂದನ್ನು ಅವಳ ಅಂಗೈಯಲ್ಲಿಟ್ಟಳು. ಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುವ ಕರಡಿಗೆ. ಅಣ್ಣನದು. ಮುಚ್ಚಳದ ಮೇಲಿನ ನೆಗ್ಗು ಕೂಡ ಅವನದೇ.

"ನಾನು ಊರಮ್ಮ, ಕಡರನಾಯಕನಹಳ್ಳಿಯಾಕಿ," ಅಂದಳು ಮುದುಕಿ. "ನಿಮ್ಮಣ್ಣ ಹೊಳಿಗೆ ಇಳಿಯಾಕ ಮುಂಚೆ ಇದನ್ನ ಬಿಚ್ಚಿ ನಮ್ ದೇವರ ಗೂಡಿನಾಗ ಇಡ್ತಿದ್ದ. ಅಜ್ಜಿ, ಅದನ್ನ ಮುಟ್ಟೋ ಕೈಲಿ ಮೀನು ಮುಟ್ಟಾಕ ಮನ್ಸು ಬರಲ್ಲ ಅಂತಿದ್ದ. ಸೋಮವಾರ ಇಟ್ಟೋದ. ತಗಳಾಕ ಬರ್ಲಿಲ್ಲ ತಾಯಿ."

"ಹರಿಹರದಾಗಲ್ವಾ ಅವನು ಬಿದ್ದಿದ್ದು?"

"ಅಲ್ಲ. ನಮ್ ಮಡುವಿನಾಗ. ನಮ್ ಯಜಮಾನ್ರು ಅವತ್ತೇ ನಿಮ್ಮಪ್ಪಾರಿಗೆ ಫೋನ್ ಮಾಡಿದ್ರು. ನಿಮ್ಮಪ್ಪಾರು ಬಂದ್ರು, ನೋಡಿದ್ರು, ಯಾರಿಗೂ ಹೇಳಬ್ಯಾಡ್ರಿ ಅಂತ ಆಣೆ ಹಾಕಿಸ್ಕಂಡು, ಅವನ ಬೈಕು ತಾವೇ ಹರಿಹರಕ್ಕೆ ಹೊಡ್ಕಂಡು ಹೋದ್ರು." ಊರಮ್ಮ ಕಣ್ಣೊರೆಸಿಕೊಂಡಳು. "ಆಣೆ ಹಾಕಿದ್ದು ನಮ್ ಯಜಮಾನ್ರು. ನಾನು ಹಾಕಿಲ್ಲ."

ಐಶ್ವರ್ಯ ಯಾರಿಗೂ ಹೇಳದೆ ಸ್ಕೂಟಿ ತೆಗೆದಳು. ಊರಮ್ಮ ಹಿಂದೆ ಕೂತಳು.

ಊರಮ್ಮನ ಗಂಡನೇ ರಾಮಚಂದ್ರಪ್ಪಜ್ಜ. ಮೂವತ್ತು ವರ್ಷ ದಾವಣಗೆರೆ ಪಕ್ಕದ ಕರೂರಿನ ಫ್ಯಾಕ್ಟರಿಯೊಂದರಲ್ಲಿ ಲೇತ್ ಓಡಿಸಿದವನು. ಊಟದ ಬಿಡುವಿನಲ್ಲಿ, ಉಳಿದ ಹಿತ್ತಾಳೆ ತುಂಡಿನಲ್ಲಿ, ತನಗೆ ಬೇಕಾದ ರಾಟೆಗಳನ್ನು ತಾನೇ ಕಡೆದುಕೊಂಡಿದ್ದ. ಎರಡು ವರ್ಷದ ಕೆಳಗೆ ಲಕ್ವಾ ಹೊಡೆದು ಬಲಗೈ ಜೋತುಬಿತ್ತು. ಅದಾದ ಮೇಲೆ ಅವನ ವಿದ್ಯೆಯೆಲ್ಲ ಬಾಯಿಗೆ ಬಂತು. ಬಾಯಿಂದ ಕೊಟ್ರೇಶನ ಕೈಗೆ ಹೋಯಿತು. ಸೋಮವಾರ ದಡದಲ್ಲಿ ಸಿಕ್ಕ ಅವನ ಕೋಲು, ರಾಟೆಯನ್ನು ಸುಟ್ಟುಹಾಕು ಅಂದಿದ್ದರಂತೆ ಹಾಲೇಶಪ್ಪನವರು. ಅಜ್ಜನಿಗೆ ಮನಸ್ಸಾಗದೆ ಹುಲ್ಲಿನ ಬಣವೆಯಲ್ಲಿ ತುರುಕಿದ್ದ.

"ಅಲ್ಲಿ ನೋಡವ್ವ," ಅಂತ ಅಜ್ಜ ಎಡಗೈಯಿಂದ ಮಡುವಿನ ಆಚೆ ತೋರಿಸಿದ. ನೀರಿನಿಂದ ಕರಿಯ ಕೊಂಬೆಯೊಂದು ಕೈಯೆತ್ತಿದ ಹಾಗೆ ನಿಂತಿತ್ತು. "ಜಾಲಿ ಮರ. ಬುಡ ಸಮೇತ ಬಂದು ಕೂತೈತೆ. ಅವನ ಗಾಳ ಅದಕ್ಕೆ ಸಿಕ್ಕಿತ್ತು. ಬಿಡಿಸಾಕ ಅಂತ ಇಳಿದಾನೆ. ದಾರ ಕೊಯ್ದಿದ್ರೆ ಮುಗೀತಿತ್ತು. ಹದಿನೈದು ರೂಪಾಯಿ ಗಾಳ." ಅಜ್ಜ ತೋರಿಸಿದ ಕೈ ಇಳಿಸಿದ. "ಇನ್ನೂ ಅದರ ಬುಡದಾಗೇ ಅದಾನೆ. ಇಲ್ಲ ಅಂದಿದ್ರೆ ಇಷ್ಟೊತ್ತಿಗೆ ಹರಿಹರದ ಬಲೆಗೆ ಹೋಗಿರ್ತಿದ್ದ. ದೋಣಿಯೋರನ್ನ ಕರೆಯಂಗಿಲ್ಲ, ಆಣೆ ಐತೆ. ಅಲ್ಲಿಗೆ ಮುಟ್ಟಬೇಕು ಅಂದ್ರೆ ಇಲ್ಲಿಂದ ಎಸೀಬೇಕು. ಊರಾಗ ಈ ರಾಟಿ ಆಡಿಸಾರು ಇಬ್ರೇ ಇದ್ವಿ. ಒಬ್ಬನ ಕೈ ಹೋತು. ಇನ್ನೊಬ್ಬ ಅಲ್ಲಿ ಅದಾನೆ."

"ನಂಗೆ ಕಲಿಸು ಅಜ್ಜ."

"ಒಂದು ದಿನಕ್ಕೆ ಬರಾದಲ್ಲವ್ವ ಇದು."

"ಒಂದೇ ದಿನ ಇರಾದು."

ಅದು ಸುಳ್ಳಲ್ಲ. ಲಿಂಗ ಕಟ್ಟುವವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಮಾಡುತ್ತಾರೆ. ಅವ್ವ ಎರಡು ದಿನದಿಂದ ಕೇಳುತ್ತಿದ್ದದ್ದು ಅದೊಂದೇ: "ಕೂರಿಸಾಕ ಬರಂಗಿರ್ತಾನಾ? ಇನ್ನೂ ಕೂರಿಸಾಕ ಬರಂಗಿರ್ತಾನಾ?" ನಾಳೆಯಾದರೆ ಬರುವುದಿಲ್ಲ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ.

ಹೀಗೆ ಶುರುವಾದ ಪಾಠ ಹನ್ನೊಂದು ಗಂಟೆಯ ಹೊತ್ತಿಗೆ ಒಂಬತ್ತನೆಯ ಸಿಕ್ಕಿಗೆ ಬಂದಿತ್ತು.

"ಗುಂಡು ಹೋಗ್ತಿರಬೇಕಾದ್ರೆ ರಾಟಿ ಹೆಬ್ಬೆಟ್ಟಿನ ಕೆಳಗೆ ಬೆಕ್ಕಿನಂಗೆ ಗುರುಗುಡತೈತೆ," ಅಂದ ಅಜ್ಜ. "ಆ ಗುರುಗುಡಾದು ಕೇಳ್ಕಾ. ಮೆತ್ತಗಾದ ತಕ್ಷಣ ಒತ್ತು. ಗುಂಡು ನೀರಿಗೆ ಬೀಳಾಕ ಒಂದು ಕೂದಲೆಳೆ ಮುಂಚೆ. ಕಣ್ಣಿಂದ ನೋಡಬ್ಯಾಡ, ಕಣ್ಣು ತಡ ಮಾಡ್ತೈತೆ."

ಹತ್ತನೆಯದು ಸಿಕ್ಕು. ಹನ್ನೊಂದನೆಯದು ಅರ್ಧ ಸಿಕ್ಕು. ಹನ್ನೆರಡನೆಯದು ಹತ್ತು ಮಾರು ಹೋಗಿ ಸುಮ್ಮನೆ ನಿಂತಿತು. ಐಶ್ವರ್ಯಳ ಮೈ ಜುಮ್ ಅಂದಿತು. ಗೆದ್ದೆ ಅಂತ ಕೂಗಬೇಕು ಅನ್ನಿಸಿಯೂಬಿಟ್ಟಿತು. ಮರುಗಳಿಗೆಗೇ ಯಾಕೆ ಕಲಿಯುತ್ತಿದ್ದೇನೆ ಅನ್ನುವುದು ನೆನಪಾಗಿ ಬಾಯಿ ಕಹಿಯಾಯಿತು. ತಾರಸಿಯ ಮೇಲೆ ಅಣ್ಣ ಇದನ್ನೇ ಹೇಳಿದ್ದ, ಗುರುಗುಟ್ಟತೈತೆ ಕಣೇ ಅಂತ. ಅವತ್ತು ಅವಳಿಗೆ ಕೇಳಿರಲಿಲ್ಲ.

ದಾರ ಸುತ್ತುವಾಗ ಅವಳ ಕಣ್ಣಿಗೆ ಒಂದು ಬಿತ್ತು. ರಾಟೆಯ ತಳದಲ್ಲಿ ದಾರಕ್ಕೆ ಗಂಟೇ ಇರಲಿಲ್ಲ. ಬರೀ ನಾಲ್ಕು ಸುತ್ತು ಸುತ್ತಿ ಬಿಟ್ಟಿತ್ತು. "ಅಜ್ಜ, ಕೊನೆ ಕಟ್ಟೇ ಇಲ್ಲಲ್ಲ ಇದು?"

"ಕಟ್ಟಂಗಿಲ್ಲ. ನಮ್ಮಪ್ಪನ ಕಾಲದಿಂದ ಕಟ್ಟಂಗಿಲ್ಲ. ಮನುಷ್ಯನಷ್ಟು ದೊಡ್ಡ ಮೀನು ಇರ್ತಾವೆ ಈ ಹೊಳ್ಯಾಗ. ಅಂಥಾದ್ದು ಎಳೀತು ಅಂದ್ರೆ ಹೆಬ್ಬೆಟ್ಟು ಎತ್ತಿಬಿಡಬೇಕು. ದಾರ ಹೋಗಬೇಕು, ಮನುಷ್ಯ ಹೋಗಬಾರ್ದು."

ಮಧ್ಯಾಹ್ನ ಎರಡರ ಹೊತ್ತಿಗೆ ಅಜ್ಜ ಸೀಸದ ಗುಂಡು ಬಿಚ್ಚಿಸಿ, ಅದರ ಜಾಗಕ್ಕೆ ಮುಷ್ಟಿಯಷ್ಟು ದೊಡ್ಡ ಕಬ್ಬಿಣದ ಕೊಂಡಿಗಳ ಗೊಂಚಲು ಕಟ್ಟಿಸಿದ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಮರಿ ಅದು. ಅವನೇ ಮಾಡಿದ್ದು. ಐದು ಸಲ ನೀರಿಗೆ ಬಿತ್ತು, ಎರಡು ಸಲ ಕೊಂಬೆಗೆ ತಾಕಿ ಬಂತು. ಎಂಟನೆಯ ಸಲ ರಾಟೆ ಹೆಬ್ಬೆರಳಿನ ಕೆಳಗೆ ಗುರುಗುಟ್ಟಿತು, ಮೆತ್ತಗಾಯಿತು, ಅವಳು ಒತ್ತಿದಳು. ಕೊಂಡಿ ಜಾಲಿಯ ಆಚೆ ಸದ್ದಿಲ್ಲದೆ ಮುಳುಗಿತು. ಎಳೆದಳು. ಏನೋ ತಡೆಯಿತು. ಮರದ ತಡೆಯಲ್ಲ, ಕಲ್ಲಿನ ತಡೆಯಲ್ಲ. ಎಳೆದರೆ ಸ್ವಲ್ಪ ಬರುವ, ಬಿಟ್ಟರೆ ಸ್ವಲ್ಪ ಹೋಗುವ, ಭಾರದ ಮೆತ್ತನೆಯ ತಡೆ.

"ಅಜ್ಜ."

ಅಜ್ಜ ಎಡಗೈಯ ಎರಡು ಬೆರಳನ್ನು ದಾರದ ಮೇಲಿಟ್ಟ. ಕಣ್ಣು ಮುಚ್ಚಿದ. "ಮೆಲ್ಲಕ್ಕೆ ಜಗ್ಗು," ಅಂದ.

ಜಗ್ಗಿದಳು. ಮರದ ಬುಡದಲ್ಲಿ ನೀರು ಗುಳುಗುಳು ಅಂದಿತು. ಮೊದಲು ನೀಲಿ ಅಂಗಿಯ ಬೆನ್ನು ಮೇಲೆ ಬಂತು. ಹಬ್ಬಕ್ಕೆ ಇವಳೇ ಆರಿಸಿ ತಂದ ಅಂಗಿ ಅದು. ಬೆನ್ನು ಮಾತ್ರ. ಮುಖ ಕೆಳಗಿತ್ತು. ಅಷ್ಟಕ್ಕಾದರೂ ಅವಳು ಕೈಮುಗಿಯಬೇಕೆಂದಿದ್ದಳು. ಕೈ ಖಾಲಿ ಇರಲಿಲ್ಲ. ಹೊಳೆಯ ಸೆಳವು ಅವನನ್ನು ಹಿಡಿದು ಕೆಳಕ್ಕೆ ಎಳೆಯತೊಡಗಿತು. ಹೆಬ್ಬೆರಳಿನ ಕೆಳಗೆ ರಾಟೆ ಬಿಡು ಬಿಡು ಅಂತ ಒದ್ದಾಡಿತು.

"ಮರಕ್ಕೆ ಸುತ್ತಲಾ?"

"ಸುತ್ತಿದ್ರೆ ದಾರ ಹರೀತೈತೆ. ಕೊಟ್ಟಂಗೆ ಕೊಡು, ತಡದಂಗೆ ತಡಿ. ಇಬ್ರು ನೀರಿಗಿಳಿದು ಹಗ್ಗ ಹಾಕಬೇಕು." ಅಜ್ಜ ಜೇಬಿನಿಂದ ಫೋನು ತೆಗೆದ.

"ಊರಾಗಿನ ಹುಡುಗ್ರನ್ನ ಕರಿ ಅಜ್ಜ!"

"ಕರೀತೀನಿ. ಮೊದ್ಲು ಸಾವ್ಕಾರ್ರಿಗೆ ಒಂದು ಮಾತು. ಆಣೆ ಐತವ್ವ ನನ್ನ ಮೇಲೆ."

ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಅವಳು ಅಣ್ಣನನ್ನು ಒಂದು ಹೆಬ್ಬೆರಳಿನಲ್ಲಿ ಹಿಡಿದು ನಿಂತಳು. ದಾರ ಚರ್ಮ ಕೊಯ್ದು ರಾಟೆಯ ಹಿತ್ತಾಳೆ ಕೆಂಪಾಯಿತು. ನೋವು ಇದೆಯೋ ಇಲ್ಲವೋ ಅಂತ ಅವಳು ಯೋಚಿಸಲಿಲ್ಲ.

ಹಾಲೇಶಪ್ಪನವರು ಒಬ್ಬರೇ ಕಾರಿನಲ್ಲಿ ಬಂದರು. ಪಂಚೆ ಎತ್ತಿ ಕಟ್ಟಿದ್ದರು, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನೀರಿನ ನಡುವೆ ತೇಲುವ ನೀಲಿಯನ್ನು ನೋಡಿದರು. ಕೆಸರಿನಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಎದ್ದರು.

"ರಾಮಚಂದ್ರಪ್ಪ, ನೀನು ರಸ್ತೆ ಕಡೆ ಹೋಗಿ ನಿಂತ್ಕ. ಯಾರ್ನೂ ಈ ಕಡೆ ಬಿಡಬ್ಯಾಡ."

"ಸಾವ್ಕಾರ್ರೆ, ಹುಡುಗ್ರನ್ನ ಕರ್ಕಂಬರ್ತೀನಿ ರೀ, ಹಗ್ಗ..."

"ಹೋಗು ಅಂದೆ."

ಅಜ್ಜ ಕಾಲೆಳೆಯುತ್ತ ಹೋದ. ಅಪ್ಪ ಮಗಳ ಪಕ್ಕಕ್ಕೆ ಬಂದರು. ಆಶ್ಚರ್ಯವೆಂದರೆ ಬೈಯಲಿಲ್ಲ. ಕೆ.ಬಿ. ಬಡಾವಣೆಯಿಂದ ಇಲ್ಲಿಗೆ ಹೆಂಗೆ ಬಂದೆ ಅಂತಲೂ ಕೇಳಲಿಲ್ಲ.

"ಬಿಡು ಐಶು," ಅಂದರು.

"ಏನು?"

"ಬಿಟ್ಬಿಡು. ಹೋಗ್ಲಿ. ಕೆಳಗೆ ಬಲೆ ಐತೆ. ಅರ್ಧ ಗಂಟೆ, ಬಾಳಂದ್ರೆ ಒಂದು ಗಂಟೆ. ಅಲ್ಲಿ ಸಿಗ್ತಾನೆ."

"ಅಪ್ಪಾಜಿ, ಇಲ್ಲೇ ಸಿಕ್ಕಾನೆ! ಕೈಯಾಗ ಅದಾನೆ!"

"ಇಲ್ಲಿ ಸಿಕ್ಕ ಅಂದ್ರೆ ಏನಾಗ್ತೈತೆ ಗೊತ್ತಾ ನಿಂಗೆ? ನೀರು ಮೇಲಕ್ಕೆ ಹರಿಯಲ್ಲ. ಘಟ್ಟದಾಗ ಬಿದ್ದೋನು ಆರು ಕಿಲೋಮೀಟರ್ ಮೇಲೆ ಹೆಂಗೆ ಬಂದ ಅಂತ ಪೊಲೀಸ್ರು ಕೇಳ್ತಾರೆ. ಇಲ್ಲಿಗೆ ಯಾಕ ಬಂದಿದ್ದ ಅಂತ ಊರು ಕೇಳ್ತೈತೆ. ಲಿಂಗ ಎಲ್ಲಿತ್ತು ಅಂತ ಮಠದ ಅಯ್ನೋರು ಕೇಳ್ತಾರೆ. ಏನು ಹೇಳ್ಲಿ? ಬಿಚ್ಚಿಟ್ಟು ಮೀನಿಗೆ ಹೋಗಿದ್ದ ಅನ್ಲಾ? ಮುಟ್ಟತಾರಾ ಅವನ್ನ? ರುದ್ರಭೂಮಿಯಾಗ ಗುಂಡಿ ತೋಡಾಕ ಬಿಡ್ತಾರಾ?" ಕರಗಿದ ವಿಭೂತಿಯನ್ನು ಅಂಗೈಯಿಂದ ಒರೆಸಿಕೊಂಡರು. "ನನ್ನ ಮಗನ್ನ ಕೂರಿಸಿ ಮಣ್ಣು ಮಾಡಬೇಕು ನಾನು. ಕೈಯಾಗ ಲಿಂಗ ಇಟ್ಟು. ನಂಗೆ ಬೇರೇನೂ ಬ್ಯಾಡ. ಬಲೆಯಾಗ ಸಿಕ್ಕ ತಕ್ಷಣ ಕರಡಿಗೆ ನಾನೇ ಕೊರಳಿಗೆ ಹಾಕ್ತೀನಿ. ಸ್ನಾನಕ್ಕೆ ಹೋದೋನು, ಜಾರಿದ. ಮುಗೀತು."

ಐಶ್ವರ್ಯ ನೀಲಿ ಬೆನ್ನನ್ನು ನೋಡುತ್ತಿದ್ದಳು. ಅಪ್ಪ ಮಾತಾಡುತ್ತಿದ್ದದ್ದು ತಮ್ಮ ಮರ್ಯಾದೆಯ ಮಾತಾಗಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಆದರೆ ಅವರು ಕೇಳುತ್ತಿದ್ದದ್ದು ಅವಳು ಬೆಳಗ್ಗೆಯಿಂದ ಕೇಳುತ್ತಿದ್ದದ್ದನ್ನೇ. ಅವ್ವ ಎರಡು ದಿನದಿಂದ ಕೇಳುತ್ತಿದ್ದದ್ದನ್ನೇ. ಜಗಳಕ್ಕೆ ಅವಳಿಗೆ ತುದಿ ಸಿಗಲಿಲ್ಲ.

"ಬಲೆ ತಪ್ಪಿಸಿಕೊಂಡ್ರೆ?"

"ತಪ್ಪಲ್ಲ. ಎರಡು ದಿನದಿಂದ ನಾನೇ ಕೂತು ನೋಡಿದೀನಿ. ನಾಯಿ ಹೋದ್ರೂ ಸಿಗ್ತೈತೆ ಅದರಾಗ." ಹಾಲೇಶಪ್ಪನವರು ಅವಳ ಭುಜ ಮುಟ್ಟಿದರು. ಅವಳು ದೊಡ್ಡವಳಾದ ಮೇಲೆ ಮುಟ್ಟಿದ್ದು ಅದೇ ಮೊದಲು. "ಅವನಿಗೋಸ್ಕರನೇ ಹೇಳ್ತಿರಾದು ಮಗಳೇ."

ಹೆಬ್ಬೆರಳು ಎತ್ತಿದಳು.

ಈ ಸಲ ಸಿಕ್ಕಾಗಲಿಲ್ಲ. ರಾಟೆ ಗುರುಗುಟ್ಟುತ್ತ ತಿರುಗಿತು, ಅಣ್ಣ ಹೇಳಿದ್ದ ಹಾಗೆ, ಅಜ್ಜ ಕಲಿಸಿದ ಹಾಗೆ. ನೀಲಿ ಅಂಗಿ ಸುಳಿಯ ಅಂಚಿಗೆ ಹೋಗಿ ಅರ್ಧ ಸುತ್ತು ತಿರುಗಿ, ನಡುಹೊಳೆಯ ಸೆಳವಿಗೆ ಬಿದ್ದು ಜೋರಾಯಿತು. ನೂರು ಮಾರು ದಾರ ಅದರ ಹಿಂದೆ ಓಡಿತು. ಕೊನೆಯ ನಾಲ್ಕು ಸುತ್ತು ಬಿಚ್ಚಿಕೊಂಡು ತುದಿ ಕೋಲಿನ ಉಂಗುರಗಳಿಂದ ಸರ್ರನೆ ಜಾರಿ ಗಾಳಿಗೆ ಹಾರಿತು. ಕೋಲು ಒಮ್ಮೆಲೇ ಎಷ್ಟು ಹಗುರವಾಯಿತೆಂದರೆ ಅವಳು ಹಿಂದಕ್ಕೆ ಮುಗ್ಗರಿಸಿದಳು.

ಅಜ್ಜ ವಾಪಸು ಬಂದಾಗ ನೀರು ಖಾಲಿ ಇತ್ತು. ಅವನು ಅಪ್ಪನ ಮುಖ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಬೋಳಾದ ರಾಟೆಯನ್ನು ನೋಡಿದ.

"ದಾರ?"

"ಹೋತು."

"ಪೂರ್ತಿ?"

"ಪೂರ್ತಿ."

ಅಜ್ಜ ಏನೋ ಹೇಳಲು ಬಾಯಿ ತೆರೆದ. ಆಮೇಲೆ, "ನಡೀರಿ, ನಾನೂ ಬರ್ತೀನಿ," ಅಂದ.

ಘಟ್ಟದ ಮೆಟ್ಟಿಲ ಮೇಲೆ ಮೂವರೂ ಕೂತರು. ಮೂರೂವರೆ ಆಯಿತು. ನಾಲ್ಕೂವರೆ ಆಯಿತು. ಅಗ್ನಿಶಾಮಕ ದಳದ ಅತೀಕ್ ಎರಡು ದಿನದಿಂದ ನೀರಿನಲ್ಲೇ ಇದ್ದ ಹುಡುಗ. ಕೈಯ ಚರ್ಮವೆಲ್ಲ ಬೆಳ್ಳಗೆ ಸುಕ್ಕಾಗಿತ್ತು. ಹತ್ತು ನಿಮಿಷಕ್ಕೊಮ್ಮೆ ದೋಣಿಯಿಂದಲೇ ತಲೆಯಾಡಿಸುತ್ತಿದ್ದ: ಇಲ್ಲ. ಬಲೆಗೆ ಬಾಳೆದಿಂಡು ಬಂತು, ಪ್ಲಾಸ್ಟಿಕ್ ಕೊಡ ಬಂತು, ಯಾರೋ ಬಿಟ್ಟ ಹೂವಿನ ಬುಟ್ಟಿ ಬಂತು. ಪ್ರತಿ ಸಲ ಹಾಲೇಶಪ್ಪನವರು ಮಗಳು ಕೊಟ್ಟ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು.

ಬಿಸಿಲು ಸೇತುವೆಯ ಕೆಳಗೆ ಇಳಿದಾಗ ರಾಮಚಂದ್ರಪ್ಪಜ್ಜ ಬಾಯಿಬಿಟ್ಟ. ಯಾರಿಗೆ ಹೇಳುತ್ತಿದ್ದೇನೆ ಅನ್ನದೆ ನೀರಿಗೆ ಹೇಳಿದ ಹಾಗೆ ಹೇಳಿದ.

"ಬರಲ್ಲ ಅವನು. ನೂರು ಮಾರು ದಾರ ಬಾಲದಂಗೆ ಹಿಂದೆ ಹೋಗೈತೆ. ಇಲ್ಲಿಗೂ ಅಲ್ಲಿಗೂ ನಡುವೆ ಎಷ್ಟು ಜಾಲಿ, ಎಷ್ಟು ಬಂಡೆ. ಎಲ್ಲೋ ಒಂದು ಕಡೆ ಸುತ್ತಿಕೊಂಡೈತೆ. ದಾರ ಕೊಯ್ದು ಬಿಟ್ಟಿದ್ರೆ ಬರ್ತಿದ್ದ. ಕೊನೆ ಕಟ್ಟಿದ್ರೆ ನಮ್ ಕೈಯಾಗೇ ಇರ್ತಿದ್ದ. ನಾವು ಅವನ್ನ ನೀರಿನಾಗ ಕಟ್ಟಿಹಾಕಿ ಬಂದ್ವಿ ಸಾವ್ಕಾರ್ರೆ."

ಐಶ್ವರ್ಯ ಎದ್ದಳು. ಮೆಟ್ಟಿಲಿಳಿದು ಮೊಣಕಾಲ ನೀರಿನಲ್ಲಿ ನಿಂತು ಅತೀಕನನ್ನು ಕೂಗಿದಳು. ಎಲ್ಲ ಹೇಳಿದಳು. ಮೀನು, ರಾಟೆ, ಮಡು, ಕರಡಿಗೆ, ತನ್ನ ಹೆಬ್ಬೆರಳು. ಮೆಟ್ಟಿಲ ಮೇಲಿದ್ದ ಮಂದಿಯೆಲ್ಲ ಕೇಳಿಸಿಕೊಂಡರು. ಹಾಲೇಶಪ್ಪನವರು ಅವಳನ್ನು ತಡೆಯಲಿಲ್ಲ. ಅತೀಕ್ ಅವಳನ್ನು ನೋಡಿ, "ಮೊದ್ಲೇ ಹೇಳಿದ್ರೆ ಸೋಮವಾರನೇ ತೆಗೀತಿದ್ವಲ್ಲಮ್ಮ," ಅಂದ. ಬೈಗುಳವಾಗಿರಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ದೋಣಿ ಇನ್ನೂ ಮೂರು ದಿನ ಮೇಲಿಂದ ಕೆಳಗೆ ಹುಡುಕಿತು. ನಾಲ್ಕನೆಯ ದಿನ ಡ್ಯಾಮಿನಿಂದ ಇನ್ನಷ್ಟು ನೀರು ಬಂತು. ಹುಡುಕುವುದು ನಿಂತಿತು.

ಮನೆಗೆ ಅಯ್ನೋರು ಬಂದರು. ಹಾಲೇಶಪ್ಪನವರು ಬಾಗಿಲಿನಲ್ಲೇ ತಲೆತಗ್ಗಿಸಿ ನಿಂತರು. ಬಹಿಷ್ಕಾರ ಹಾಕಿಸಿಕೊಳ್ಳಲು ನಿಂತವರ ಹಾಗೆ ನಿಂತು ಎಲ್ಲ ಒಪ್ಪಿಸಿದರು. ಅಯ್ನೋರು ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟೇ ಏನ್ರಿ ಹಾಲೇಶಪ್ನೋರೆ? ಹುಡುಗ ಬಿಚ್ಚಿಟ್ಟು ಹೋಗಿದ್ದ ಅಂದ್ರೆ ಅದರ ಮೇಲೆ ಭಯಭಕ್ತಿ ಇದ್ದದ್ದಕ್ಕೇ ತಾನೇ ಇಟ್ಟಿದ್ದು? ಕರ್ಕಂಬಂದಿದ್ರೆ ನಾನೇ ಕಟ್ಟಿ ಕೂರಿಸ್ತಿದ್ದೆ. ನನ್ನ ಒಂದು ಮಾತು ಕೇಳಬಾರ್ದಿತ್ತಾ?"

ಒಳಗಿನಿಂದ ಅನ್ನಪೂರ್ಣಮ್ಮ ಕೇಳಿಸಿಕೊಂಡಳು. ಅವತ್ತಿನಿಂದ ಅವಳು ಗಂಡನ ಹತ್ತಿರವಾಗಲಿ ಮಗಳ ಹತ್ತಿರವಾಗಲಿ ಮಾತಾಡಿಲ್ಲ. ಊಟಕ್ಕೆ ಬಡಿಸುತ್ತಾಳೆ. ಮೂರು ತಟ್ಟೆ ಇಟ್ಟು, ಒಂದು ಗಳಿಗೆ ನಿಂತು, ಇನ್ನೊಂದು ಇಡುತ್ತಾಳೆ.

ಈಗ ಹೊಳೆ ಇಳಿದಿದೆ. ಐಶ್ವರ್ಯ ದಿನಾ ಸಂಜೆ ಕಾಲೇಜು ಬಿಟ್ಟ ಮೇಲೆ ಬಸ್ಸಿನಲ್ಲಿ ಬರುತ್ತಾಳೆ. ಮಡುವಿನಿಂದ ಶುರುಮಾಡಿ ದಿನಕ್ಕೆ ಐವತ್ತು ಹೆಜ್ಜೆ ಕೆಳಕ್ಕೆ ಸರಿಯುತ್ತ, ಒಂದೊಂದು ಜಾಲಿಗೂ ಒಂದೊಂದು ಬಂಡೆಗೂ ಕೊಂಡಿ ಎಸೆಯುತ್ತಾಳೆ. ಈಗ ಸಿಕ್ಕಾಗುವುದಿಲ್ಲ. ನಲವತ್ತು ಮಾರು ದೂರದ ಕೊಂಬೆಯ ಈ ಕಡೆ ಅಂದರೆ ಈ ಕಡೆ, ಆ ಕಡೆ ಅಂದರೆ ಆ ಕಡೆ ಬೀಳಿಸುತ್ತಾಳೆ. ಹೆಬ್ಬೆರಳಿನ ಗಾಯ ದಡ್ಡುಗಟ್ಟಿದೆ. ಎಮ್ಮೆ ಹೊಡೆದುಕೊಂಡು ಹೋಗುವವರು ನಿಂತು ನೋಡಿ, "ಹಾಲೇಶಪ್ಪನ ಮಗಳು ನೋಡ್ರಲೇ, ಮೀನು ಹಿಡಿಯಾಕತ್ತಾಳೆ," ಅಂತ ಮುಂದೆ ಹೋಗುತ್ತಾರೆ.

ಹಾಲೇಶಪ್ಪನವರಿಗೂ ಅದು ಕೇಳುತ್ತದೆ. ಅಂಗಡಿ ಮುಚ್ಚಿ ಅವರೂ ಬಂದು ದಡದಲ್ಲಿ ಕೂರುತ್ತಾರೆ. ಕೊರಳಲ್ಲಿ ಎರಡು ಕರಡಿಗೆ. ಅವಳು ಎಳೆಯುವಾಗ, "ಏನಾರ ತಗುಲ್ತಾ?" ಅಂತ ಕೇಳುತ್ತಾರೆ. ಅವಳು ಇಲ್ಲ ಅನ್ನುತ್ತಾಳೆ. ಅಪ್ಪ ಮಗಳ ನಡುವೆ ಉಳಿದಿರುವ ಮಾತು ಅಷ್ಟೇ.

ಮೊನ್ನೆ ದಾರ ಸವೆದು ಹೊಸ ದಾರ ಸುತ್ತಬೇಕಾಯಿತು. ರಾಮಚಂದ್ರಪ್ಪಜ್ಜ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ. ಐಶ್ವರ್ಯ ಖಾಲಿ ರಾಟೆ ತೆಗೆದಾಗ ಹಾಲೇಶಪ್ಪನವರು ಕೈಚಾಚಿದರು. ಅವಳು ಕೊಟ್ಟಳು. ಅವರು ಹೊಸ ದಾರದ ತುದಿಯನ್ನು ರಾಟೆಯ ತಳಕ್ಕೆ ಸುತ್ತಿ, ಮಂಡಕ್ಕಿ ಚೀಲದ ಬಾಯಿಗೆ ಹಾಕುವ ಗಂಟು ಹಾಕಿದರು. ಅದರ ಮೇಲೊಂದು. ಅದರ ಮೇಲೆ ಮತ್ತೊಂದು. ಹಲ್ಲಿನಲ್ಲಿ ಕಚ್ಚಿ ಬಿಗಿದರು.

"ಸಾವ್ಕಾರ್ರೆ, ಕೊನೆ ಕಟ್ಟಬಾರ್ದು ರೀ," ಅಂದ ಅಜ್ಜ. "ಏನಾರ ದೊಡ್ಡದು ಎಳದ್ರೆ..."

"ಗೊತ್ತು," ಅಂದರು ಹಾಲೇಶಪ್ಪನವರು. ರಾಟೆಯನ್ನು ಮಗಳ ಕೈಗೆ ಕೊಡಲಿಲ್ಲ. ದಾರ ಪೂರ್ತಿ ಸುತ್ತಿ, ರಾಟೆಯನ್ನು ಕೋಲಿಗೆ ಕಟ್ಟಿ ಎದ್ದು, ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು ನೀರಿನ ಅಂಚಿಗೆ ಹೋಗಿ ನಿಂತರು.

"ಹೆಬ್ಬೆಟ್ಟು ಎಲ್ಲಿಡಬೇಕು, ತೋರ್ಸು ಐಶು."